ಕೆಂಪು ಶಾಯಿಯ ಗೋಡೆಗಳು

2008ರ ಡಿಸೆಂಬರ್‌ನಲ್ಲಿ ನಾವು ಒಂದಿಪ್ಪತ್ತು ಜನ ವಿದ್ಯಾರ್ಥಿಗಳು ಟೇಪು, ಗಾರೆಯವರ ತೂಕದ ಗುಂಡು, ಗ್ರಾಫ್ ಹಾಳೆಗಳನ್ನು ಹಿಡಿದುಕೊಂಡು ಹಂಪಿಯಲ್ಲಿ ಬಸ್ಸಿಳಿದೆವು. ಆರ್ಕಿಟೆಕ್ಚರ್ ಓದುವವರಿಗೆ ಹಳೆಯ ಕಟ್ಟಡವೊಂದನ್ನು ಅಳೆದು ನಕ್ಷೆ ಬರೆಯುವ ಕೆಲಸವೊಂದು ಇರುತ್ತದೆ. ನಮ್ಮ ಪಾಲಿಗೆ ಬಂದದ್ದು ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗಿನ ಬಜಾರು, ಅಂದರೆ ರಥಬೀದಿಯ ಎರಡೂ ಬದಿಯ ಸಾಲುಮಂಟಪಗಳು. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಆ ಬೀದಿಯನ್ನು ತುಂಡು ಮಾಡಿ ಮೂವರಿಗೊಂದು ಪಾಲು ಹಂಚಿದರು. ಮೇಷ್ಟ್ರು ಹೇಳಿದ ನಿಯಮ ಸರಳವಾಗಿತ್ತು. ವಿಜಯನಗರದ ಕಾಲದ ಕಲ್ಲು ಕಪ್ಪು ಶಾಯಿಯಲ್ಲಿ, ಆಮೇಲೆ ಸೇರಿದ್ದೆಲ್ಲ ಕೆಂಪು ಶಾಯಿಯಲ್ಲಿ.

ಎರಡೇ ದಿನಕ್ಕೆ ನನ್ನ ಕೆಂಪು ಪೆನ್ನು ಖಾಲಿಯಾಯಿತು.

ನಮ್ಮ ಪಾಲಿನ ಮಂಟಪದಲ್ಲಿ ಒಂದು ಮನೆಯಿತ್ತು. ಬೀದಿಗೆ ಮುಖ ಮಾಡಿದ ಎರಡು ಅಂಕಣಗಳಲ್ಲಿ ಅಂಗಡಿ: ವಿಭೂತಿ ಉಂಡೆ, ಕುಂಕುಮ, ಪೋಸ್ಟ್‌ಕಾರ್ಡು, ಕಲ್ಲಿನ ಪುಟ್ಟ ಆನೆ, ವಿದೇಶಿಯರು ಆಸೆಪಟ್ಟು ಕೊಳ್ಳುತ್ತಿದ್ದ ದೊಗಳೆ ಪೈಜಾಮ. ಅದರ ಹಿಂದೆ ಒಂದು ಇಟ್ಟಿಗೆ ಗೋಡೆ. ಗೋಡೆಯ ಹಿಂದೆ ಸಂಸಾರ. ನಾಲ್ಕು ಕಂಬಗಳ ನಡುವಿನ ಜಾಗ ಮಲಗುವ ಕೋಣೆ. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಹಾಕಿದ್ದರು. ಒಂದು ಕಂಬದ ಮೇಲೆ ಮೊಳದುದ್ದದ ಹನುಮಂತ. ಅವನ ಮುಖ ಎಣ್ಣೆ ಕುಂಕುಮ ಕುಡಿದು ಕುಡಿದು ಸವೆದು ನುಣ್ಣಗಾಗಿತ್ತು. ಮೇಲೆ ನೀಲಿ ಬಣ್ಣದ ಎರಡು ಬಾಡಿಗೆ ರೂಮುಗಳು. ಬಾಗಿಲ ಮೇಲೆ ಹೀಬ್ರೂ ಅಕ್ಷರಗಳಲ್ಲಿ ಏನೋ ಬರೆದಿತ್ತು. ಬರೆದವನು ರೂಮಿನಲ್ಲಿ ತಿಂಗಳಿದ್ದು ಹೋದ ಇಸ್ರೇಲಿ ಹುಡುಗನಂತೆ. ಏನು ಬರೆದಿದ್ದಾನೆಂದು ಮನೆಯವರಿಗೆ ಗೊತ್ತಿರಲಿಲ್ಲ. ಆದರೆ ಆಮೇಲೆ ಗಿರಾಕಿಗಳು ಹೆಚ್ಚು ಬಂದರೆಂಬುದು ಗೊತ್ತಿತ್ತು.

ಮನೆಯ ಯಜಮಾನಿ ಐವತ್ತು ದಾಟಿದ ಹೆಂಗಸು. ನಾವೆಲ್ಲ ಅಜ್ಜಿ ಎಂದೇ ಕರೆದೆವು, ಏಕೆಂದರೆ ಹತ್ತು ವರ್ಷದ ಮೊಮ್ಮಗಳು ಆಕೆಯನ್ನು ಹಾಗೆ ಕರೆಯುತ್ತಿದ್ದಳು. ಆ ಹುಡುಗಿ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ನಮ್ಮ ಟೇಪಿನ ತುದಿ ಹಿಡಿದುಕೊಂಡು ಓಡುತ್ತಿದ್ದಳು. ಅಜ್ಜಿ ಮೂರು ದಿನವೂ ನಮಗೆ ಮಂಡಕ್ಕಿ ಒಗ್ಗರಣೆ ಕೊಟ್ಟಳು. ಮೇಲಿನ ರೂಮಿನವರಿಗೆ ಬಾಳೆಹಣ್ಣಿನ ಪ್ಯಾನ್‌ಕೇಕು. "ಪಾನ್ಕೇಕು ಅಂದ್ರ ಮತ್ತೇನಿಲ್ಲವ್ವಾ, ನಮ್ಮ ಸೀ ದ್ವಾಸಿನ. ಅವರು ಅದಕ್ಕ ಅರವತ್ತು ರೂಪಾಯಿ ಕೊಡ್ತಾರ" ಎಂದು ನಗುತ್ತಿದ್ದಳು.

ಎರಡನೆಯ ದಿನ ನನ್ನ ಹಾಳೆಯ ಮೇಲೆ ಬಗ್ಗಿ ನೋಡಿದಳು.

"ಕರೇದು ಯಾಕ, ಕೆಂಪು ಯಾಕ?"

"ಯಾವ್ದು ಹಳೇದು, ಯಾವ್ದು ಆಮೇಲೆ ಬಂದಿದ್ದು ಅಂತ ಗುರುತು ಹಾಕ್ತಿದೀವಿ ಅಜ್ಜಿ."

"ನಮ್ಮತ್ತಿ ಇಲ್ಲೇ ಹಡದಾಳ. ನಾನೂ ಇಲ್ಲೇ ಹಡದೀನಿ. ನಾವು ಕರೇದೋ, ಕೆಂಪೋ?"

ತಮಾಷೆಗೆ ಕೇಳಿದ್ದಳು. ನಾವೂ ನಕ್ಕೆವು. ಆ ಹಾಳೆಯ ಕೆಳಗೆ ನಾನೇ ನನ್ನ ಕೈಬರಹದಲ್ಲಿ ಬರೆದ ಟಿಪ್ಪಣಿ ಹೀಗಿತ್ತು: "ಕೆಂಪಿನಲ್ಲಿ ತೋರಿಸಿದ ಎಲ್ಲ ಒತ್ತುವರಿಗಳನ್ನು ತೆರವುಗೊಳಿಸುವುದು. ಕಂಬದ ಮೇಲಿನ ಎಣ್ಣೆ ಜಿಡ್ಡನ್ನು ಸ್ವಚ್ಛಗೊಳಿಸುವುದು."

ಆ ಮನೆಯ ಬಗ್ಗೆ ಭಾವುಕವಾಗಿ ಬರೆಯುವುದು ಸುಲಭ. ಆದರೆ ಅಲ್ಲಿ ಕಂಡದ್ದನ್ನೆಲ್ಲ ಹೇಳಬೇಕು. ಮೇಲಿನ ರೂಮುಗಳಿಗಾಗಿ ಕಲ್ಲಿನ ತೊಲೆಗಳ ಮೇಲೆ ಕಾಂಕ್ರೀಟು ಹಾಕಿದ್ದರು. ಐನೂರು ವರ್ಷದ ಹಿಂದೆ ಒಂದು ಚಾವಣಿ ಹೊರಲೆಂದು ನಿಲ್ಲಿಸಿದ ಕಂಬಗಳು ಈಗ ಇನ್ನೊಂದು ಅಂತಸ್ತು, ನೀರಿನ ಟ್ಯಾಂಕು, ಎರಡು ಬಚ್ಚಲನ್ನು ಹೊತ್ತಿದ್ದವು. ಪೈಪು ಇಳಿಸಲು ಅಧಿಷ್ಠಾನದ ಪಟ್ಟಿಕೆಯಲ್ಲಿ ಅಂಗೈಯಗಲ ಗಾಡಿ ಕೊರೆದಿದ್ದರು. ಹಿಂದುಗಡೆಯ ಗುಂಡಿಯ ನೀರು ಬುನಾದಿಗೆ ಇಳಿಯುತ್ತಿತ್ತು. ಒಂದು ಕಂಬ ವಾಲಿದ್ದನ್ನು ನಮ್ಮ ತೂಕದ ಗುಂಡೇ ಹೇಳಿತು. ಅಜ್ಜಿಗೆ ತೋರಿಸಿದರೆ, "ಅದು ಮೊದಲಿಂದ ಹಂಗೇ ಐತಿ" ಎಂದಳು. ಇರಬಹುದು. ಆದರೆ ಕಾಂಕ್ರೀಟು ಮೊದಲಿನಿಂದ ಇರಲಿಲ್ಲ. ಅದನ್ನು ತಂದದ್ದು ಪ್ರವಾಸಿಗರ ದುಡ್ಡು. ಅಜ್ಜಿಯ ಅತ್ತೆಯ ಕಾಲದಲ್ಲಿ ಅದು ಬರೀ ಮಂಟಪ, ಮುಂದೆ ತೆಂಗಿನಕಾಯಿ ಊದುಬತ್ತಿಯ ಅಂಗಡಿ. 1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಊರು ಜಗತ್ತಿಗೆ ಗೊತ್ತಾದಂತೆಲ್ಲ ರೂಮು ಕೇಳುವವರು ಹೆಚ್ಚಿದರು, ರೂಮುಗಳೂ ಎದ್ದವು. ಕಾಪಾಡಲು ಕೊಟ್ಟ ಪಟ್ಟವೇ ಮಂಟಪದ ತಲೆಯ ಮೇಲೆ ಕಾಂಕ್ರೀಟು ಹೇರಿತು ಎನ್ನಬಹುದೇನೋ. ಪೂರ್ತಿ ನ್ಯಾಯದ ಮಾತಲ್ಲ, ಸುಳ್ಳೂ ಅಲ್ಲ.

ಆ ನಕ್ಷೆಗೆ ನನಗೆ ಒಳ್ಳೆಯ ಅಂಕ ಬಂತು. ಮರುವರ್ಷ ಪ್ರಬಂಧವೊಂದಕ್ಕಾಗಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ವಿವರಗಳನ್ನು ಓದುತ್ತಿದ್ದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದವನು. ವಜ್ರ ವೈಡೂರ್ಯದ ಅಂಗಡಿಗಳ ವರ್ಣನೆ ಎಲ್ಲರಿಗೂ ಗೊತ್ತು, ಗೈಡುಗಳು ದಿನಾ ಹೇಳುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಾಲು. ಈ ದೇವಸ್ಥಾನದ ಮುಂದಿನ ಬೀದಿಯಲ್ಲಿ ಮೊಗಸಾಲೆಗಳಿರುವ ಚೆಂದದ ಮನೆಗಳಿವೆ, ಯಾತ್ರಿಕರು ಅಲ್ಲಿ ತಂಗುತ್ತಾರೆ ಎಂಬ ಅರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ.

ಅಂದರೆ ಆ ಬೀದಿ ಶುರುವಿನಿಂದಲೂ ಪರಊರಿನವರಿಗೆ ಮಲಗಲು ಜಾಗ ಕೊಡುತ್ತಿತ್ತು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದ ಅಜ್ಜಿಯ ಕಸುಬು ಆ ಬೀದಿಯ ಅತ್ಯಂತ ಹಳೆಯ ಕಸುಬು. ಕೆಲವು ಕಲ್ಲುಗಳಿಗಿಂತ ಹಳೆಯದಿದ್ದರೂ ಇರಬಹುದು.

ಇನ್ನೊಂದು ವಿಷಯ ಆಗ ಹೊಳೆಯಿತು. ಬೀದಿಯ ತುದಿಯಲ್ಲಿರುವ ದೊಡ್ಡ ಗೋಪುರವನ್ನು ನಮ್ಮ ತಂಡದವರೇ ಬರೆದಿದ್ದರು. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ದುರಸ್ತಿ ಕಂಡದ್ದು. ಮೇಲಿನ ಗಾರೆಯ ಮೂರ್ತಿಗಳಂತೂ ಮತ್ತೆ ಮತ್ತೆ ಹೊಸದಾಗಿವೆ. ಅದನ್ನು ಯಾರೂ ಕೆಂಪಿನಲ್ಲಿ ಬರೆಯಲಿಲ್ಲ. ದೇವರ ಮನೆ ರಿಪೇರಿಯಾದರೆ ಜೀರ್ಣೋದ್ಧಾರ, ಅಜ್ಜಿಯ ಮನೆ ರಿಪೇರಿಯಾದರೆ ಒತ್ತುವರಿ.

2011ರ ಜುಲೈ 29ರಂದು ಬಜಾರಿಗೆ ಜೆಸಿಬಿಗಳು ಬಂದವು. ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಟಿವಿಯಲ್ಲಿ ನೋಡಿದೆ. ಮಂಟಪದ ಕಂಬಗಳ ನಡುವಿನಿಂದ ಇಟ್ಟಿಗೆ ಉದುರುತ್ತಿತ್ತು. ಪಾತ್ರೆ, ಟ್ರಂಕು, ಗ್ಯಾಸ್ ಸಿಲಿಂಡರುಗಳನ್ನು ಜನ ಬೀದಿಯ ನಡುವೆ, ತೇರು ಎಳೆಯುವ ಜಾಗದಲ್ಲಿ, ರಾಶಿ ಹಾಕುತ್ತಿದ್ದರು. ನಮ್ಮ ಹಾಳೆಗಳು ಕಾಲೇಜಿನ ಬೀರುವಿನಿಂದ ಹೊರಗೆ ಹೋಗಿರಲಾರವು. ಅವನ್ನು ನೋಡಿ ಯಾರೂ ಮನೆ ಕೆಡವಲಿಲ್ಲ. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಒಂದು ಮಾತು ಉಳಿದೇ ಉಳಿಯುತ್ತದೆ. ಆ ದಿನ ಕೆಡವಿದ್ದು ನಾವು ಕೆಂಪಿನಲ್ಲಿ ಬರೆದದ್ದನ್ನೇ, ಉಳಿಸಿದ್ದು ಕಪ್ಪಿನಲ್ಲಿ ಬರೆದದ್ದನ್ನೇ.

ಕೆಡವಲೇಬಾರದಿತ್ತು ಎಂದು ನಾನು ಇಂದಿಗೂ ಹೇಳಲಾರೆ. ಆ ಕಾಂಕ್ರೀಟು ಇಳಿಯಬೇಕಿತ್ತು, ಬಚ್ಚಲ ಗುಂಡಿ ಮುಚ್ಚಬೇಕಿತ್ತು. ನನ್ನ ತಕರಾರು ಬಣ್ಣದ ಬಗ್ಗೆ. ಕಂಬ ಮುರಿಯುವ ಕಾಂಕ್ರೀಟಿಗೂ ಕಂಬದ ಹನುಮಂತನಿಗೆ ಹಚ್ಚುವ ಎಣ್ಣೆಗೂ ನಾವು ಒಂದೇ ಕೆಂಪು ಬಳಿದಿದ್ದೆವು. ತೆಂಗಿನಕಾಯಿ ಅಂಗಡಿ, ಜಾಲಿ ಬಾಗಿಲು, ಟ್ಯಾಂಕು, ತೊಟ್ಟಿಲು ಎಲ್ಲವೂ ಒಂದೇ ಬಣ್ಣ. ಯಾವುದನ್ನು ಇಳಿಸಬೇಕು, ಯಾವುದನ್ನು ಬಿಡಬಹುದು, ಯಾರು ಹಗಲಲ್ಲಿ ಅಂಗಡಿ ಇಟ್ಟುಕೊಳ್ಳಬಹುದು ಎಂದು ಮಂಟಪ ಮಂಟಪಕ್ಕೂ ಕೂತು ಮಾತಾಡಲು ಕನಿಷ್ಠ ಮೂರು ನಾಲ್ಕು ಬಣ್ಣ ಬೇಕಿತ್ತು. ಅದು ನಿಧಾನದ, ಬೇಸರದ ಕೆಲಸ. ಜೆಸಿಬಿಗೆ ಒಂದೇ ದಿನ ಸಾಕು.

ನಿಧಾನದ ಕೆಲಸ ಅಸಾಧ್ಯವೇನಲ್ಲ. ಅದೇ ಹಂಪಿಯಲ್ಲಿ ಸೇತುವೆಯ ಕಥೆಯಿದೆ. ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ದಾಟಿಸುವ ಸೇತುವೆ ಕಟ್ಟಲು ಹೊರಟಾಗ, ಸ್ಮಾರಕಗಳ ನಡುವೆ ಅದು ಸಲ್ಲದೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂತು. 2009ರ ಜನವರಿಯಲ್ಲಿ, ನಾವು ಅಳತೆ ಮುಗಿಸಿ ಬಂದ ಮರುತಿಂಗಳೇ, ಕಟ್ಟುತ್ತಿದ್ದ ಸೇತುವೆ ಕುಸಿದು ಕೂಲಿಯವರು ಸತ್ತರು. ಕೊನೆಗೆ ಸ್ಮಾರಕಗಳಿಂದ ದೂರ, ಬುಕ್ಕಸಾಗರಕ್ಕೂ ಕಡೆಬಾಗಿಲಿಗೂ ನಡುವೆ ಸೇತುವೆಯಾಯಿತು. ಊರವರಿಗೆ ಸೇತುವೆ ಬೇಡ ಎಂದು ಯಾರೂ ಹೇಳಲಿಲ್ಲ, ಇಲ್ಲಿ ಬೇಡ ಎಂದರು. ಬೇರೆ ಜಾಗ ಹುಡುಕುವ ತಾಳ್ಮೆಗೆ ಅಷ್ಟು ವರ್ಷ ಬೇಕಾಯಿತು, ಜೀವಗಳೂ ಹೋದವು. ಆದರೂ ಜಾಗ ಸಿಕ್ಕಿತು.

ನಾನು ಮತ್ತೆ ಹಂಪಿಗೆ ಹೋದದ್ದು 2014ರಲ್ಲಿ, ಮದುವೆಯೊಂದಕ್ಕೆ ಹೊಸಪೇಟೆಗೆ ಹೋದಾಗ. ಬೀದಿ ಗುಡಿಸಿಟ್ಟಂತೆ ಖಾಲಿ. ಫೋಟೋಕ್ಕೆ ಚೆಂದ. ನಮ್ಮ ಮಂಟಪ ಹುಡುಕಲು ಹದಿನೈದು ನಿಮಿಷ ಹಿಡಿಯಿತು. ನಾನು ಗುರುತಿಟ್ಟುಕೊಂಡಿದ್ದೆಲ್ಲ ಕೆಂಪಿನ ವಸ್ತುಗಳು, ಅವು ಇರಲಿಲ್ಲ. ಕೊನೆಗೆ ಹನುಮಂತ ಸಿಕ್ಕ. ಎಣ್ಣೆ ಒಣಗಿ ಧೂಳು ಹಿಡಿದಿತ್ತು. ನನ್ನ ಟಿಪ್ಪಣಿಯಂತೆ ಸ್ವಚ್ಛವಾಗಿಯೂ ಇರಲಿಲ್ಲ, ಪೂಜೆಯೂ ಇರಲಿಲ್ಲ. ಕಂಬದ ತಲೆಯ ಹತ್ತಿರ ಬೆರಳಗಲ ನೀಲಿ ಬಣ್ಣ ಉಳಿದಿತ್ತು.

ಬಜಾರಿನವರಿಗೆ ಕಡ್ಡಿರಾಂಪುರದ ಬಳಿ ಜಾಗ ಕೊಟ್ಟಿದ್ದರು. ಕೇಳುತ್ತ ಹೋದೆ. ಅಜ್ಜಿ ತಗಡಿನ ಮಾಡಿನ ಕೆಳಗೆ ಕೂತು ಹೂ ಕಟ್ಟುತ್ತಿದ್ದಳು. ಜಾಗ ಸಿಕ್ಕಿತ್ತು, ಗಿರಾಕಿ ಸಿಕ್ಕಿರಲಿಲ್ಲ. "ಇಲ್ಲಿ ಯಾರು ಬರ್ತಾರವ್ವಾ? ದೇವ್ರ ಮುಂದ ಇದ್ರ ಹೂವು, ಇಲ್ಲಿದ್ರ ಬರೇ ಎಲಿ." ಮೊಮ್ಮಗಳಿಗೆ ಹೈಸ್ಕೂಲು. ಮಗ ಕಮಲಾಪುರದ ಕಡೆಯ ರೆಸಾರ್ಟೊಂದರಲ್ಲಿ ತೋಟದ ಕೆಲಸಕ್ಕೆ ಸೇರಿದ್ದ.

ಹಂಪಿಗೆ ಬರುವವರೇನೂ ಕಡಿಮೆಯಾಗಲಿಲ್ಲ. ಅವರು ಮಲಗುವ ಜಾಗ ಮಾತ್ರ ಬದಲಾಯಿತು. ದುಡ್ಡು ಅಂಗೈಯಗಲದ ಅಂಗಡಿಯವರನ್ನು ಬಿಟ್ಟು ಎಕರೆಗಟ್ಟಲೆ ಜಮೀನಿದ್ದವರ ಕಡೆ ಹರಿಯಿತು. ಹೊಳೆಯಾಚೆಯ ವಿರೂಪಾಪುರಗಡ್ಡಿಯಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು, ಪ್ರವಾಸಿಗರು ಸಾಣಾಪುರದ ಕಡೆಗೆ ಸರಿದರು. ನೀರಿಗೆ ಒಡ್ಡು ಹಾಕಿದರೆ ಬೇರೆ ದಾರಿ ಹಿಡಿಯುತ್ತದೆ ಎಂಬುದು ತುಂಗಭದ್ರೆಯ ದಡದವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ವಿಜಯನಗರದವರು ತೋಡಿದ ಕಾಲುವೆಯಲ್ಲಿ ಇಂದಿಗೂ ಬಾಳೆತೋಟಕ್ಕೆ ನೀರು ಹರಿಯುತ್ತದೆ. ಬಳಕೆಯಲ್ಲಿರುವುದರಿಂದಲೇ ಉಳಿದ ಸ್ಮಾರಕ ಅದು. ಅದನ್ನು ನೋಡಲು ಟಿಕೆಟ್ಟಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ.

ಹೊರಡುವಾಗ ಅಜ್ಜಿ ಕೇಳಿದಳು: "ಆವಾಗ ನಮ್ಮನಿ ಅಳಕೊಂಡು ಬರಕೊಂಡು ಹೋಗಿದ್ರೆಲ್ಲ, ಆ ಚಿತ್ರ ಐತೇನು?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಕೆಯ ಬಳಿ ಮನೆಯ ಒಂದು ಫೋಟೋ ಕೂಡ ಇರಲಿಲ್ಲ. ಸಾವಿರಾರು ಪ್ರವಾಸಿಗರು ಆ ಬೀದಿಯಲ್ಲಿ ನಿಂತು ಗೋಪುರದ ಫೋಟೋ ತೆಗೆದಿದ್ದಾರೆ, ಮನೆಯ ಒಳಗನ್ನು ಯಾರು ತೆಗೆಯುತ್ತಾರೆ? ಆ ಮನೆಯ ಗೋಡೆ ಎಷ್ಟು ಅಡಿ, ಬಾಗಿಲು ಯಾವ ಕಡೆ, ಮೆಟ್ಟಿಲು ಎಲ್ಲಿತ್ತು ಎಂಬುದು ದಾಖಲಾಗಿದ್ದರೆ ಬಹುಶಃ ನನ್ನ ಕೆಂಪು ಶಾಯಿಯಲ್ಲಿ ಮಾತ್ರ. ಹುಡುಕಿ ಕಳಿಸುತ್ತೇನೆ ಎಂದೆ.

ಕಳಿಸಲಿಲ್ಲ. ಕಾಲೇಜಿಗೆ ಹೋಗಿ ಕೇಳಬಹುದಿತ್ತು, ಕೇಳಲಿಲ್ಲ. ಹಾಳೆ ಸಿಕ್ಕರೆ ಕೆಳಗಿನ ಟಿಪ್ಪಣಿಯನ್ನೂ ಯಾರಾದರೂ ಆಕೆಗೆ ಓದಿ ಹೇಳುತ್ತಾರಲ್ಲ ಎಂಬ ಹೆದರಿಕೆ.

ಈ ನಡುವೆ ಐಹೊಳೆಗೆ ಮೂರು ನಾಲ್ಕು ಸಲ ಹೋದೆ. ಅಲ್ಲಿನ ಗುಡಿಗಳ ಹೆಸರು ಗಮನಿಸಿ. ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಚಾಲುಕ್ಯರಾಗಲಿ, ಆ ಹೆಸರಾಂತ ಐನೂರ್ವರ ವರ್ತಕ ಸಂಘದವರಾಗಲಿ ಇಟ್ಟ ಹೆಸರುಗಳಲ್ಲ ಇವು. ಗುಡಿಯ ಒಳಗೋ ಪಕ್ಕದಲ್ಲೋ ಬದುಕಿದವರ ಹೆಸರುಗಳು. ಲಾಡಖಾನ ಎಂಬಾತ ಆ ಗುಡಿಯಲ್ಲಿ ಮನೆ ಮಾಡಿಕೊಂಡಿದ್ದ. ಸಾವಿರ ವರ್ಷ ದಾಟಿದ ಗುಡಿ ಈಗ ಪಠ್ಯಪುಸ್ತಕದಲ್ಲೂ ಅವನ ಹೆಸರಿನಲ್ಲೇ ಇದೆ. ಐಹೊಳೆಯ ಮನೆಗಳನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಮಾಡಲಿ, ಮಾಡದಿರಲಿ, ನನಗೆ ಹೊಟ್ಟೆಕಿಚ್ಚಾದದ್ದು ಲಾಡಖಾನನ ಮೇಲೆ. ನಮ್ಮ ಮಂಟಪಕ್ಕೆ ಒಂದು ನಂಬರು ಬಿಟ್ಟು ಬೇರೆ ಹೆಸರಿರಲಿಲ್ಲ.

2024ರ ಮೇ ತಿಂಗಳಲ್ಲಿ ಜೋರು ಮಳೆಗೆ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಪತ್ರಿಕೆಯಲ್ಲಿ ಬಿದ್ದ ಕಂಬಗಳ ಚಿತ್ರ. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ಕೆಲವರು, ಜನ ಇದ್ದು ಸಡಿಲ ಮಾಡಿದ್ದರಿಂದಲೇ ಬಿತ್ತು ಎಂದು ಕೆಲವರು. ಕಂಬ ಅಳೆದವಳಾಗಿ ನಾನು ಎರಡಕ್ಕೂ ಪ್ರಮಾಣ ಮಾಡಲಾರೆ. ಸೋರುವ ಮಾಡನ್ನು ಮೊದಲು ನೋಡುವುದು ಅದರ ಕೆಳಗೆ ಮಲಗುವವರು ಎಂಬುದಷ್ಟು ನಿಜ. ಮರುದಿನವೇ ಕಾಲೇಜಿಗೆ ಫೋನು ಮಾಡಿದೆ. ಹಾಳೆ ಸಿಕ್ಕಿತು, ಹದಿನಾರು ವರ್ಷ ಸುತ್ತಿಟ್ಟಲ್ಲೇ ಇತ್ತು. ದೊಡ್ಡದಾಗಿ ಒಂದು ಪ್ರತಿ ತೆಗೆಸಿದೆ. ಟಿಪ್ಪಣಿಯನ್ನು ಕತ್ತರಿಸಿ ತೆಗೆಯಲೇ ಎಂದು ಒಂದು ದಿನ ಯೋಚಿಸಿ, ಬಿಟ್ಟೆ.

ಹೋದದ್ದು ಒಂದು ಭಾನುವಾರ. ವಿಜಯ ವಿಠ್ಠಲನ ಕಡೆ ಬ್ಯಾಟರಿ ಗಾಡಿಗೆ ಮಾರುದ್ದದ ಸಾಲು. ಐವತ್ತರ ನೋಟನ್ನು ಎತ್ತಿ ಹಿಡಿದು, ನೋಟಿನ ಮೇಲಿನ ಕಲ್ಲಿನ ರಥವನ್ನೂ ನಿಜವಾದ ರಥವನ್ನೂ ಒಂದೇ ಫೋಟೋದಲ್ಲಿ ಹಿಡಿಯುವವರು. 2019ರಲ್ಲಿ ಹುಡುಗರು ಕಂಬ ಉರುಳಿಸುವ ವಿಡಿಯೋ ಹರಿದಾಡಿದ ಮೇಲೆ ಕಾವಲು ಬಿಗಿಯಾಗಿದೆ. ಅವರಿಗೆ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿದ್ದು ನನಗೆ ಬಹಳ ಹಿಡಿಸಿದ ಶಿಕ್ಷೆ. ಕಂಬದ ಭಾರ ಎಷ್ಟೆಂದು ಗೊತ್ತಾದವನು ಇನ್ನೊಂದನ್ನು ಬೀಳಿಸಲಾರ.

ನನ್ನ ಸರದಿಯ ಗಾಡಿಯ ಚಾಲಕಿ ಇಪ್ಪತ್ತಾರರ ಹುಡುಗಿ. ಹೆಂಗಸರೇ ಓಡಿಸುವ ಗಾಡಿಗಳವು. ನಾನು ಗುರುತು ಹಿಡಿಯಲಿಲ್ಲ, ಆಕೆಯೇ ಹಿಡಿದಳು. "ಅಕ್ಕಾ, ಟೇಪು ಹಿಡಕೊಳ್ಳಾಕ ನನ್ನ ಕರೀತಿದ್ರಿ, ನೆನಪೈತೇನ್ರಿ?" ಅಜ್ಜಿ ಇದ್ದಾಳೆ, ಕಣ್ಣು ಮಂಜು, ನಾಲ್ಕಕ್ಕೆ ಡ್ಯೂಟಿ ಮುಗಿಯುತ್ತದೆ, ಜೊತೆಗೇ ಹೋಗೋಣ ಎಂದಳು.

ಕಡ್ಡಿರಾಂಪುರದಲ್ಲಿ ಈಗ ಪಕ್ಕಾ ಮನೆ. ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಲೋಟ ಇಟ್ಟೆವು. ಮೊಮ್ಮಗಳು ಟಿಪ್ಪಣಿಯನ್ನು ಮನಸ್ಸಿನಲ್ಲೇ ಓದಿದಳು, ನನ್ನ ಮುಖ ನೋಡಿದಳು, ಜೋರಾಗಿ ಓದಲಿಲ್ಲ. ನಾನೇ ಓದಿದೆ. ಅಜ್ಜಿ ಕೇಳಿಸಿಕೊಂಡು, "ಅಂದ್ರ ನಿಮಗ ಮೊದಲ ಗೊತ್ತಿತ್ತು" ಎಂದಳು. ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ. ಗೊತ್ತಿರಲಿಲ್ಲ ಅಜ್ಜಿ ಎಂದೆ. ಆಕೆ ಉತ್ತರಿಸದೆ ಹಾಳೆಯ ಮೇಲೆ ಬೆರಳಾಡಿಸತೊಡಗಿದಳು. ಕೆಂಪು ಗೆರೆ ಕಣ್ಣಿಗೆ ಸ್ವಲ್ಪ ಕಾಣುತ್ತಿತ್ತು, ಕಪ್ಪು ಕಾಣುತ್ತಿರಲಿಲ್ಲ. ಮೊಮ್ಮಗಳು ಬೆರಳು ಹಿಡಿದು ತೋರಿಸಿದಳು: ಇದು ಬಾಗಿಲು, ಇದು ಮೆಟ್ಟಿಲು, ಇದು ಹನುಮಪ್ಪ.

"ಒಲಿ ಎಲ್ಲೈತಿ?"

ಒಲೆ ಇರಲಿಲ್ಲ. ಎತ್ತಿಡಬಹುದಾದ ಸಾಮಾನನ್ನು ನಕ್ಷೆಯಲ್ಲಿ ತೋರಿಸಬಾರದೆಂಬುದು ಇನ್ನೊಂದು ನಿಯಮ. ಅಜ್ಜಿಯ ಒಲೆ ಎತ್ತಿಡುವಂಥದ್ದಲ್ಲ, ಮಣ್ಣಿನಲ್ಲಿ ಹೂಡಿದ್ದು, ಆದರೂ ನಾವು ಬಿಟ್ಟಿದ್ದೆವು. ಮೂರು ದಿನ ಮಂಡಕ್ಕಿ ಒಗ್ಗರಣೆ ಬಂದದ್ದು ಅದೇ ಒಲೆಯಿಂದ.

ಅಜ್ಜಿ ಹೇಳುತ್ತ ಹೋದಳು. ಹನುಮಪ್ಪನ ಕಂಬದಿಂದ ಎರಡು ಮಾರು ಈಚೆ, ಗಾಳಿಕಂಡಿಯ ಕೆಳಗೆ, ಮಳೆ ಬಂದರೆ ನೀರು ಸಿಡಿಯುವ ಕಡೆಗಲ್ಲ, ಈ ಕಡೆ. ಮೊಮ್ಮಗಳು ತನ್ನ ಟ್ರಿಪ್ ಲೆಕ್ಕ ಬರೆಯುವ ಪೆನ್ನು ಕೊಟ್ಟಳು. ನಾನು ಎರಡು ಸಲ ತಪ್ಪು ಜಾಗದಲ್ಲಿ ಚುಕ್ಕೆ ಇಟ್ಟೆ. ಮೂರನೆಯ ಸಲ ಅಜ್ಜಿ, "ಹಾಂ, ಅಲ್ಲೇ" ಎಂದು, ಹಿಂದಿನ ಗೋಡೆಗೆ ಅದು ತಾಗದಂತೆ ನೋಡು, ಗೋಡೆ ಕರ್ರಗಾಗ್ತದ ಎಂದಳು.